ಐದು ಗಂಟೆಗೆ ಬನ್ನಿ

ತೊಂದರೆ ಬಂದದ್ದು ಬೆರಳುದ್ದದ ಒಂದು ಚೀಟಿಯ ರೂಪದಲ್ಲಿ. ಮೂಲೆ ಸವೆದು, ಮಡಿಕೆ ಬಿದ್ದಲ್ಲಿ ಹರಿದು, ಬಿಸ್ಕತ್ತಿನ ಬಣ್ಣಕ್ಕೆ ತಿರುಗಿದ್ದ ಆ ಚೀಟಿಯನ್ನು ಗಿಡ್ಡನೆಯ ಹಿರಿಯರೊಬ್ಬರು ಬೆಳಿಗ್ಗೆ ಹತ್ತು ಗಂಟೆಗೆ ಲಾಂಡ್ರಿಯ ಕೌಂಟರಿನ ಮೇಲಿಟ್ಟು, ಎರಡು ಬೆರಳಿನಿಂದ ಮುಂದಕ್ಕೆ ತಳ್ಳಿದರು.

“ಮೂರು ವರ್ಷ ಆಯ್ತು,” ಎಂದರು. “ಇದ್ಯೋ ಇಲ್ವೋ ಗೊತ್ತಿಲ್ಲ. ಒಂದು ಕೋಟು.”

ಲಾಂಡ್ರಿಯ ಒಡೆಯನನ್ನು ಬೀದಿಯವರೆಲ್ಲ ಗರಿಗರಿಯಣ್ಣ ಎಂದೇ ಕರೆಯುತ್ತಿದ್ದರು. ಅವನ ಅಂಗಿ ಬೆಳಿಗ್ಗೆಯೂ ಗರಿಗರಿ, ಸಂಜೆಯೂ ಗರಿಗರಿ. ಮಾತು ಅದಕ್ಕಿಂತ ಒಂದು ಕೈ ಹೆಚ್ಚು. ಅವನ ಬೆನ್ನ ಹಿಂದಿನ ಗೋಡೆಯ ಮೇಲೆ ಅವನ ಅಪ್ಪ ತನ್ನ ಕೈಯಾರೆ ಬರೆದ ಒಂದು ಸಾಲಿತ್ತು: ‘ಇಲ್ಲಿಗೆ ಬಂದ ಬಟ್ಟೆ ಕಳೆಯುವುದಿಲ್ಲ.’ ನಲವತ್ತು ವರ್ಷಗಳಲ್ಲಿ ಆ ಸಾಲು ಒಮ್ಮೆಯೂ ಸುಳ್ಳಾಗಿರಲಿಲ್ಲ. ‘ಮೂರು ತಿಂಗಳ ನಂತರ ನಾವು ಜವಾಬ್ದಾರರಲ್ಲ’ ಎಂದು ಬೋರ್ಡು ಹಾಕಿಕೊಳ್ಳುವ ಲಾಂಡ್ರಿಗಳನ್ನು ಕಂಡರೆ ಗರಿಗರಿಯಣ್ಣ ಮೂಗು ಮುರಿಯುತ್ತಿದ್ದ.

ಚೀಟಿಯ ನಂಬರು ನೋಡಿದ್ದೇ ತಡ, ಬಟ್ಟೆ ಯಾವುದೆಂದು ಅವನಿಗೆ ಗೊತ್ತಾಯಿತು. ಕಡುನೀಲಿ ಉಣ್ಣೆ ಕೋಟು, ಎದೆಗೆ ಎರಡು ಸಾಲು ಹಿತ್ತಾಳೆ ಗುಂಡಿ. ಹೋದ ತಿಂಗಳವರೆಗೂ ಹಿಂದಿನ ಕೋಣೆಯ ಕೊನೆಯ ಕೊಂಡಿಯಲ್ಲಿ ತೂಗುತ್ತಿತ್ತು. ಈಗ ಅದು ಬೀದಿಯ ತುದಿಯಲ್ಲಿದ್ದ ನಾಟಕದ ಮನೆಯಲ್ಲಿತ್ತು. ಸಂಜೆ ಆರಕ್ಕೆ ಅದನ್ನು ತೊಟ್ಟು ಒಬ್ಬ ರಾಜ ಸಿಂಹಾಸನ ಏರುವವನಿದ್ದ.

“ಇದೆಯಾ?” ಎಂದು ಹಿರಿಯರು ಕೇಳಿದರು.

ಇಲ್ಲ ಎನ್ನಲು ಬಾಯಿ ತೆರೆದವನಿಗೆ ಅಪ್ಪ ಬೆನ್ನ ಹಿಂದೆಯೇ ಕೈಕಟ್ಟಿ ನಿಂತಂತೆನಿಸಿತು.

“ಇರದೆ ಎಲ್ಲಿಗೆ ಹೋಗುತ್ತೆ ಸಾರ್! ಒಂದು ಸಲ ಇಸ್ತ್ರಿ ಮಾಡಿ ಕೊಡ್ತೀನಿ. ಸಂಜೆ ಐದು ಗಂಟೆಗೆ ಬನ್ನಿ.”

“ಐದು ಅಂದ್ರೆ ಐದು,” ಎಂದರು ಹಿರಿಯರು. “ನಾನು ಗಡಿಯಾರ ರಿಪೇರಿ ಮಾಡ್ತಿದ್ದವನು. ಇವತ್ತು ಸಂಜೆ ಆ ಕೋಟು ಬೇಕೇ ಬೇಕು. ಮಾತು ಕೊಟ್ಟುಬಿಟ್ಟಿದ್ದೀನಿ.”

ಆ ಕೋಟು ಇವರಿಗೆ ಮೊಣಕಾಲು ದಾಟುತ್ತದಲ್ಲ ಎಂಬ ಯೋಚನೆ ಗರಿಗರಿಯಣ್ಣನ ತಲೆಯಲ್ಲಿ ಸುಳಿದು ಹೋಯಿತು. ಆದರೆ ಆ ಹೊತ್ತಿನಲ್ಲಿ ಅಳತೆಯ ಚಿಂತೆ ಯಾರಿಗೆ ಬೇಕಿತ್ತು!

ಹಿರಿಯರು ಹೋದೊಡನೆ, ಒಳಗೆ ಬಟ್ಟೆ ಮಡಚುತ್ತಿದ್ದ ಹೆಂಡತಿ ಪರದೆ ಸರಿಸಿ ಬಂದಳು. “ಇಲ್ಲದ ಕೋಟಿಗೆ ಎಲ್ಲಿಂದ ಇಸ್ತ್ರಿ ಮಾಡ್ತೀರಿ?”

“ತರ್ತೀನಿ.”

“ಕೊಟ್ಟಿದ್ದನ್ನ ವಾಪಸ್ ಕೇಳ್ತೀರಾ? ಬೀದಿಯೋರೆಲ್ಲರ ಎದುರಿಗೆ?”

ತಪ್ಪು ಅವನದೇ. ಬೀದಿಯ ತುದಿಯಲ್ಲಿ ಖಾಲಿ ಬಿದ್ದಿದ್ದ ಗೋದಾಮನ್ನು ನಿವೃತ್ತ ಟೀಚರಮ್ಮ ಒಬ್ಬರು ನಾಟಕದ ಮನೆ ಮಾಡಲು ಹೊರಟಾಗ, ಅಂಗಡಿ ಅಂಗಡಿಗೂ ಬಂದು ಹೇಳಿದ್ದು ಒಂದೇ ಮಾತು: “ನನಗೆ ದುಡ್ಡು ಬೇಡಪ್ಪ. ನಿಮ್ಮ ಅಂಗಡೀಲಿ ಏನಿದೆಯೋ, ನಿಮ್ಮ ಕೈಗೆ ಏನು ಬರುತ್ತೋ, ಅದನ್ನ ಕೊಡಿ.” ಬೀದಿ ಎದ್ದು ನಿಂತುಬಿಟ್ಟಿತು. ಬಡಗಿ ವೇದಿಕೆ ಕಟ್ಟಿಕೊಟ್ಟ. ಎಲೆಕ್ಟ್ರಿಕ್ ಅಂಗಡಿಯವನು ದೀಪ ಹಾಕಿದ. ಪೇಂಟ್ ಅಂಗಡಿಯವನು ಗೋಡೆಗೆ ಬಣ್ಣ ಬಳಿಸಿದ. ಬೇಕರಿಯವನು ಅಭ್ಯಾಸದ ದಿನಗಳಲ್ಲೆಲ್ಲ ಬುಟ್ಟಿ ತುಂಬ ಬನ್ನು ಕಳಿಸಿದ. ದರ್ಜಿ ಹೊಲಿಗೆಯೆಲ್ಲ ನನ್ನದು ಎಂದು ಎದೆ ತಟ್ಟಿಕೊಂಡ, ಅಷ್ಟಕ್ಕೇ ಸುಮ್ಮನಾಗದೆ, “ಲಾಂಡ್ರಿಯವರು ಏನು ಕೊಡ್ತಾರೆ? ಎರಡು ಬಕೆಟ್ ನೊರೆನಾ?” ಎಂದು ಎಲ್ಲರನ್ನೂ ನಗಿಸಿದ.

ಗರಿಗರಿಯಣ್ಣನಿಗೆ ಅದು ನಾಟಿತು. “ಇಡೀ ನಾಟಕದ ವೇಷಭೂಷಣ ನನ್ನದು!” ಎಂದುಬಿಟ್ಟ. ಆಮೇಲೆ ಅಂಗಡಿಗೆ ಬಂದು, ವರ್ಷಗಟ್ಟಲೆ ಯಾರೂ ಕೇಳದೆ ತೂಗುತ್ತಿದ್ದ ಇಪ್ಪತ್ತೇಳು ಬಟ್ಟೆಗಳನ್ನು ಇಳಿಸಿ, ಕಾಲರಿನ ಒಳಗೆ ಹೊಲಿದಿದ್ದ ನಂಬರಿನ ಪಟ್ಟಿಗಳನ್ನು ತಾನೇ ಕತ್ತರಿಸಿದ. ಗಿರಾಕಿಗಳ ಬಟ್ಟೆ ಎಂದರೆ ಅಂಗಡಿಯ ಮಾನ ಏನಾದೀತು? ಅದಕ್ಕೇ, “ನಮ್ಮ ತಾತನ ಕಾಲದವು. ತಾತ ತುಂಬಾ ಷೋಕಿ ಮನುಷ್ಯ,” ಎಂದು ಕೊಟ್ಟು ಬಂದ. ಆ ತಾತ ಬದುಕಿರುವವರೆಗೆ ಅಂಗಿಯ ಗುಂಡಿ ಹಾಕಿಕೊಂಡದ್ದನ್ನು ಕಂಡವರಿರಲಿಲ್ಲ.

ಇವತ್ತು ಮೊದಲ ಪ್ರದರ್ಶನ. ಕೊಟ್ಟವರನ್ನೆಲ್ಲ ವೇದಿಕೆಗೆ ಕರೆಯುತ್ತಾರಂತೆ. ಅದಕ್ಕಾಗಿ ಗರಿಗರಿಯಣ್ಣ ತನ್ನ ಮದುವೆಯ ಬೂದುಬಣ್ಣದ ಕೋಟನ್ನು ಎರಡು ದಿನದಿಂದ ಹಬೆ ಕೊಟ್ಟು ಕೊಟ್ಟು ಕನ್ನಡಿಯ ಹಾಗೆ ಮಾಡಿಟ್ಟಿದ್ದ.

ನಾಟಕದ ಮನೆಯ ಬಾಗಿಲಲ್ಲಿ ಹೊಸ ಹಲಗೆ ನೇತಾಡುತ್ತಿತ್ತು. ‘ಕೊಟ್ಟವರು’ ಎಂಬ ತಲೆಬರಹದ ಕೆಳಗೆ ಬೀದಿಯ ಅಂಗಡಿಗಳೆಲ್ಲ ಸಾಲಾಗಿದ್ದವು. ‘ಲಾಂಡ್ರಿ: ವೇಷಭೂಷಣ’ ಎಂಬ ಸಾಲು ಕಂಡು, ಅಂಥ ಸಂಕಟದಲ್ಲೂ ಅವನ ಎದೆ ಉಬ್ಬಿತು. ಅದರ ಕೆಳಗೆ ಒಂದು ಸಾಲು ಖಾಲಿ ಇತ್ತು.

“ಇದ್ಯಾಕೆ ಖಾಲಿ ಬಿಟ್ಟಿದ್ದೀರಿ ಟೀಚರಮ್ಮ?”

“ಇನ್ನೊಬ್ಬರು ಸಂಜೆ ಏನೋ ತರ್ತಾರಂತೆ. ಏನು ಅಂತ ಹೇಳಲಿಲ್ಲ. ಅದಿರಲಿ, ಬನ್ನಿ ಇಲ್ಲಿ!” ಟೀಚರಮ್ಮ ಅವನ ತೋಳು ಹಿಡಿದು ವೇದಿಕೆಯ ಮುಂದೆ ನಿಲ್ಲಿಸಿದರು. “ನೋಡಿ, ನಿಮ್ಮ ತಾತನ ಕೋಟು ನಮ್ಮ ರಾಜನ ಮೈಮೇಲೆ ಹೇಗಿದೆ!”

ರಾಜ ಹಗಲಿನಲ್ಲಿ ಬಸ್ ಕಂಡಕ್ಟರ್. ಆರಡಿ ಎತ್ತರ, ಬಾಗಿಲಗಲದ ಬೆನ್ನು. ಕೋಟು ಅವನಿಗೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತ್ತು. ಕಾಲರಿಗೂ ತೋಳಿಗೂ ದರ್ಜಿ ಹೊಳೆಯುವ ಜರಿ ಪಟ್ಟಿ ಹಚ್ಚಿದ್ದ. ಅದನ್ನು ಬಿಚ್ಚಲು ಎಷ್ಟು ಹೊತ್ತು ಹಿಡಿದೀತೆಂದು ಗರಿಗರಿಯಣ್ಣ ಲೆಕ್ಕ ಹಾಕಿದ.

“ಅಣ್ಣಾ, ಈ ಕೋಟು ಹಾಕ್ಕೊಂಡ್ರೆ ಮಾತು ತಾನಾಗೇ ಬರುತ್ತೆ,” ಎಂದ ಕಂಡಕ್ಟರ್ ಮೇಲಿಂದಲೇ. “ಅದಕ್ಕೂ ಮುಂಚೆ ನಾನು ಸೈನಿಕರಿಗೆ ‘ಮುಂದೆ ಹೋಗಿ, ಮುಂದೆ ಹೋಗಿ’ ಅಂತಲೇ ಹೇಳ್ತಿದ್ದೆ.”

ಎಲ್ಲರೂ ನಕ್ಕರು. ಗರಿಗರಿಯಣ್ಣ ಕೋಟಿನ ಕಡೆ ಬೆರಳು ತೋರಿಸಿದ. “ಚೆನ್ನಾಗಿದೆ... ಬೆನ್ನಿನ ಹತ್ರ ಸ್ವಲ್ಪ ಸುಕ್ಕು ಕಾಣ್ತಾ ಇದೆ. ಕೊಡಿ, ಅಂಗಡಿಗೆ ಒಯ್ದು ಇಸ್ತ್ರಿ ಮಾಡಿ...”

“ಏನೂ ಬೇಡ!” ಎಂದ ದರ್ಜಿ, ಬಾಯಲ್ಲಿ ಕಚ್ಚಿಕೊಂಡಿದ್ದ ಸೂಜಿ ತೆಗೆದು. “ನಾನು ಒಂದು ಇಡೀ ದಿನ ಕೂತು ಜರಿ ಹಚ್ಚಿದ್ದೀನಿ. ನಿಮ್ಮ ಇಸ್ತ್ರಿ ಶಾಖಕ್ಕೆ ಅದು ಸುಟ್ಟುಹೋದ್ರೆ ನಾನು ಕೊಟ್ಟಿದ್ದೇನು ಉಳೀತು? ನಿಮ್ಮ ದಾನಕ್ಕೆ ನನ್ನ ದಾನ ಬಲಿಯಾಗಬೇಕಾ?”

“ಸುಕ್ಕು ನನ್ನ ದೀಪದಲ್ಲಿ ಕಾಣಲ್ಲ ಬಿಡಿ,” ಎಂದ ಏಣಿಯ ಮೇಲಿದ್ದ ಎಲೆಕ್ಟ್ರಿಕ್ ಅಂಗಡಿಯವನು. ತನ್ನ ದೀಪ ಇಲ್ಲದ ಸುಕ್ಕನ್ನೂ ಎತ್ತಿ ತೋರಿಸುತ್ತದೆ ಎಂದು ನಿನ್ನೆ ತಾನೇ ಹೇಳಿಕೊಂಡಿದ್ದವನು ಅವನೇ.

ಗರಿಗರಿಯಣ್ಣ ಗೋಡೆಯ ಗಡಿಯಾರ ನೋಡಿದ. ಹನ್ನೊಂದೂವರೆ. ಒಬ್ಬೊಬ್ಬರೂ ತಾವು ಕೊಟ್ಟದ್ದನ್ನು ಕಾಯುತ್ತ ನಿಂತಿದ್ದರು. ತಾನೊಬ್ಬನೇ ಕೊಟ್ಟದ್ದನ್ನು ಕದಿಯಲು ಬಂದವನು. ಅವನಿಗೆ ನಿಜಕ್ಕೂ ನಾಚಿಕೆಯಾಯಿತು.

ಅಷ್ಟರಲ್ಲಿ ಕಂಡಕ್ಟರ್ ರಾಜಗಾಂಭೀರ್ಯದಿಂದ ನಾಲ್ಕು ಹೆಜ್ಜೆ ನಡೆದು ಸಿಂಹಾಸನದ ಮೇಲೆ ಕೂತ. ಪೇಂಟ್ ಅಂಗಡಿಯವನು ಹಿಂದಿನಿಂದ “ಅಯ್ಯೋ!” ಎಂದು ಕೂಗಿದ್ದು ಒಂದು ಗಳಿಗೆ ತಡವಾಯಿತು.

“ಎರಡನೇ ಕೋಟಿಂಗ್ ಇನ್ನೂ ಒಣಗಿಲ್ಲ ಕಣಯ್ಯಾ!”

ರಾಜ ಎದ್ದಾಗ ಬೆನ್ನಿನ ಉದ್ದಕ್ಕೂ ಕೆಂಪು ಬಣ್ಣದ ಎರಡು ಗೆರೆ ಮೂಡಿದ್ದವು. ಟೀಚರಮ್ಮ ಬಾಯಿಗೆ ಕೈ ಅಡ್ಡ ಹಿಡಿದರು. ಬಡಗಿ, “ಬೋರ್ಡು ಹಾಕೋದಲ್ವಾ?” ಎಂದು ಪೇಂಟ್ ಅಂಗಡಿಯವನ ಮೇಲೆ ಎರಗಿದ. “ನಿನ್ನ ಸಿಂಹಾಸನಕ್ಕೆ ಬಣ್ಣ ಕುಡಿಯೋ ಚಟ, ಒಣಗೋದು ಹೇಗೆ?” ಎಂದು ಪೇಂಟ್ ಅಂಗಡಿಯವನು ತಿರುಗಿ ಬಿದ್ದ. ಇಡೀ ನಾಟಕದ ಮನೆಯಲ್ಲಿ ಮುಖ ಅರಳಿದ್ದು ಒಬ್ಬನದೇ.

“ಬಿಚ್ಚಿ, ಬಿಚ್ಚಿ!” ಎಂದು ಗರಿಗರಿಯಣ್ಣ ಒಂದೇ ನೆಗೆತಕ್ಕೆ ವೇದಿಕೆ ಹತ್ತಿದ. “ಹಸಿ ಇರುವಾಗಲೇ ತೆಗೀಬೇಕು. ಯಾರೂ ಮುಟ್ಟಬೇಡಿ. ಇದು ನನ್ನ ಕೆಲಸ.”

ದರ್ಜಿಯೇ ಕೋಟಿನ ಗುಂಡಿ ಬಿಚ್ಚಿಕೊಟ್ಟ. ಗರಿಗರಿಯಣ್ಣ ಕೋಟನ್ನು ಎರಡೂ ಕೈಯಲ್ಲಿ ಹೊತ್ತು ಬೀದಿಯಲ್ಲಿ ಓಡಿದ.

ಮುಂದಿನ ಮೂರು ಗಂಟೆ ಅವನು ಮಾಡಿದ ಕೆಲಸವನ್ನು ಅವನ ಅಪ್ಪ ನೋಡಬೇಕಿತ್ತು. ಕೋಟನ್ನು ಮಗುಚಿ, ಬಣ್ಣದ ಅಡಿಗೆ ಮಡಿಸಿದ ಬಿಳಿ ಬಟ್ಟೆ ಇಟ್ಟ. ಟರ್ಪೆಂಟೈನಿನಲ್ಲಿ ಅದ್ದಿದ ಹತ್ತಿಯನ್ನು ಅಂಚಿನಿಂದ ನಡುವಿಗೆ ಒತ್ತುತ್ತ ಬಂದ. ಉಜ್ಜಲಿಲ್ಲ, ಉಜ್ಜಿದರೆ ಬಣ್ಣ ಉಣ್ಣೆಯ ಒಳಗೆ ಮನೆ ಮಾಡಿಬಿಡುತ್ತದೆ. ಕೆಳಗಿನ ಬಟ್ಟೆ ಕೆಂಪಾದಂತೆಲ್ಲ ಬದಲಿಸಿದ. ಹದಿನೆಂಟನೆಯ ಬಟ್ಟೆ ಬಿಳಿಯಾಗಿಯೇ ಉಳಿಯಿತು. ಆಮೇಲೆ ಸೋಪಿನ ನೀರು, ಬರಿಯ ನೀರು, ಫ್ಯಾನು, ಹಬೆ. ಉಣ್ಣೆಯ ನೂಲು ಒಂದೊಂದೂ ತಲೆಯೆತ್ತಿ ನಿಂತಿತು. ಮಾತಿಗೆ ಬೇಕಾದ ಗತ್ತೆಲ್ಲ ಆ ಹೊತ್ತು ಬೆರಳಿಗೆ ಇಳಿದಿತ್ತು.

ಪಕ್ಕದಲ್ಲಿ ಹೆಂಡತಿ ಬ್ಲೇಡು ಹಿಡಿದು ಜರಿ ಪಟ್ಟಿ ಬಿಚ್ಚುತ್ತಿದ್ದಳು. “ಇದು ಹಿರಿಯರಿಗಾಯ್ತು. ರಾಜನಿಗೆ ಏನು ಕೊಡ್ತೀರಿ?”

ಗರಿಗರಿಯಣ್ಣ ಗೋಡೆಯ ಕಡೆ ನೋಡಿದ. ಅಲ್ಲಿ ಅವನ ಮದುವೆಯ ಕೋಟು ತೂಗುತ್ತಿತ್ತು.

“ಬೇಡ ರೀ,” ಎಂದಳು ಹೆಂಡತಿ. ಅವಳ ದನಿ ಸಣ್ಣಗಾಗಿತ್ತು. “ಇದನ್ನ ಹಾಕ್ಕೊಂಡು ನೀವು ವೇದಿಕೆ ಹತ್ತೋದನ್ನ ನೋಡ್ಬೇಕು ಅಂತ ನಾನು ಆಸೆ ಇಟ್ಕೊಂಡಿದ್ದೆ.”

“ನಾನೂ ಇಟ್ಕೊಂಡಿದ್ದೆ. ಆದ್ರೆ ಚೀಟಿ ಹಿಡ್ಕೊಂಡು ಬಂದವರಿಗೆ ಇಲ್ಲ ಅನ್ನೋಕಾಗುತ್ತಾ? ರಾಜನ್ನ ಬನಿಯನ್‌ನಲ್ಲಿ ಕೂರಿಸೋಕಾಗುತ್ತಾ?”

ಹೆಂಡತಿ ಜರಿಯನ್ನು ಬೂದು ಕೋಟಿಗೆ ಹೊಲಿಯಲು ಕೂತಳು. ಎರಡು ಸಲ ಬೆರಳಿಗೆ ಸೂಜಿ ಚುಚ್ಚಿಕೊಂಡಳು.

ಐದಕ್ಕೆ ಒಂದು ನಿಮಿಷವೂ ಹೆಚ್ಚಿಲ್ಲದಂತೆ ಹಿರಿಯರು ಬಂದರು. ಗರಿಗರಿಯಣ್ಣ ಕೋಟನ್ನು ಕೌಂಟರಿನ ಮೇಲೆ ಹರಡಿದ. ಅವರು ಕನ್ನಡಕ ಏರಿಸಿ ಗುಂಡಿಗಳನ್ನು ಒಂದೊಂದಾಗಿ ಮುಟ್ಟಿದರು, ಬೆನ್ನು ತಿರುಗಿಸಿ ನೋಡಿದರು, ಆಮೇಲೆ ಮುಖವನ್ನೇ ಅದರಲ್ಲಿ ಹುದುಗಿಸಿಬಿಟ್ಟರು. ಟರ್ಪೆಂಟೈನ್ ವಾಸನೆ ಬಂದೀತೆಂದು ಗರಿಗರಿಯಣ್ಣ ಉಸಿರು ಬಿಗಿಹಿಡಿದ.

“ಹಾಗೇ ಇದೆ,” ಎಂದರು ಹಿರಿಯರು, ಮುಖ ಎತ್ತಿ. ಕಣ್ಣು ಒದ್ದೆಯಾಗಿತ್ತು. “ಇದು ನನ್ನ ತಮ್ಮನದು. ಈಗ ತಾನೇ ಬಿಚ್ಚಿಟ್ಟು ಹೋದ ಹಾಗಿದೆ. ನಿಮ್ಮಂಥೋರು ಇದ್ದಾರಲ್ಲಪ್ಪಾ!”

ಬೆಳಗಿನಿಂದ ಬೆವರಿದ್ದಕ್ಕೆಲ್ಲ ಆ ಒಂದು ಮಾತು ಸಾಕಾಗಿತ್ತು. ಅವರು ಕೋಟನ್ನು ಮಗುವಿನ ಹಾಗೆ ತೋಳ ಮೇಲೆ ಹಾಕಿಕೊಂಡು ಹೋದರು. ಎಲ್ಲಿಗೆ ಎಂದು ಗರಿಗರಿಯಣ್ಣ ಕೇಳಲಿಲ್ಲ. ಅಲ್ಲೇ ಎಡವಿದ್ದು.

ಐದೂವರೆಗೆ ಅವನು ಬೂದು ಕೋಟು ಹಿಡಿದು ನಾಟಕದ ಮನೆಯ ಹಿಂಬಾಗಿಲಲ್ಲಿ ನಿಂತಿದ್ದ. ಈಗ ಹೇಳಬೇಕಾದ ಮಾತು ಅವನು ಜೀವಮಾನದಲ್ಲೇ ಹೇಳಿರದಿದ್ದದ್ದು.

“ಅದು... ಬಣ್ಣ ಹೋಗಲಿಲ್ಲ.”

ದರ್ಜಿಯ ಮುಖ ಊರಗಲವಾಯಿತು. “ಹೋಗಲಿಲ್ವಾ? ನಿಮ್ಮ ಕೈಯಲ್ಲೂ? ಗರಿಗರಿಯಣ್ಣನ ಕೈಯಲ್ಲೂ ಹೋಗದ ಬಣ್ಣ!”

“ನನ್ನ ಪೇಂಟ್ ಅಂದ್ರೆ ಹಾಗೇ,” ಎಂದ ಪೇಂಟ್ ಅಂಗಡಿಯವನು, ಹೆಮ್ಮೆಯಿಂದ. “ಒಂದು ಸಲ ಹಿಡೀತು ಅಂದ್ರೆ ಹಿಡೀತು.”

“ಪಾಪ, ಬಿಡಿ,” ಎಂದರು ಟೀಚರಮ್ಮ. “ಮದುವೆ ಕೋಟನ್ನೇ ತಂದಿದ್ದಾರೆ ನೋಡಿ. ಇದಕ್ಕಿಂತ ದೊಡ್ಡ ಮನಸ್ಸು ಬೇಕಾ?” ಗರಿಗರಿಯಣ್ಣನಿಗೆ ಕೋಟು ಕೊಟ್ಟದ್ದಕ್ಕಿಂತ ಆ ‘ಪಾಪ’ ಹೆಚ್ಚು ಉರಿಯಿತು.

ಆರಕ್ಕೆ ಸರಿಯಾಗಿ ಪರದೆ ಸರಿಯಿತು. ಗೋದಾಮು ಕಿಕ್ಕಿರಿದಿತ್ತು. ಕೊಟ್ಟವರಿಗೆಲ್ಲ ಮುಂದಿನ ಎರಡು ಸಾಲು. ಗರಿಗರಿಯಣ್ಣ ಬರಿಯ ಅಂಗಿಯಲ್ಲಿ ಕೂತಿದ್ದ; ಒಂದು ಬದಿಗೆ ಹೆಂಡತಿ, ಇನ್ನೊಂದು ಬದಿಗೆ ದರ್ಜಿ. ದೀಪ ಬೆಳಗಿತು, ಗೋಡೆ ಹೊಳೆಯಿತು, ಒಣಗಿದ ಸಿಂಹಾಸನ ನಿಜವಾದ ಸಿಂಹಾಸನದಂತೆ ಕಂಡಿತು. ಒಂದು ಕಾಲಕ್ಕೆ ಇಲಿ ಓಡಾಡುತ್ತಿದ್ದ ಜಾಗ ಇದು ಎಂದು ಹೇಳಿದರೆ ಯಾರೂ ನಂಬುವಂತಿರಲಿಲ್ಲ. ಇದನ್ನು ನಾವು ಮಾಡಿದೆವು, ಈ ಬೀದಿಯ ನಾವು, ಎಂದುಕೊಂಡ ಗರಿಗರಿಯಣ್ಣ. ಅವನು ದರ್ಜಿಯ ಮೇಲಿನ ಕೋಪವನ್ನೂ ಮರೆತ.

ರಾಜ ಬಂದ. ಆರಡಿ ಎತ್ತರದ ಮೈಯನ್ನು ಗರಿಗರಿಯಣ್ಣನ ಮದುವೆಯ ಕೋಟಿನೊಳಗೆ ಹೇಗೆ ತುರುಕಿದರೋ ಅವರಿಗೇ ಗೊತ್ತು. ತೋಳು ಮೊಣಕೈಗೆ ನಿಂತಿತ್ತು. ರಾಜ ಉಸಿರು ಎಳೆದುಕೊಳ್ಳದೆ ನಾಲ್ಕು ಮಾತು ಆಡಿದ. ಐದನೆಯ ಮಾತಿಗೆ ಎರಡೂ ಕೈ ಎತ್ತಿ “ಯಾರಲ್ಲಿ!” ಎಂದು ಗುಡುಗಬೇಕಿತ್ತು. ಗುಡುಗಿದ. ಅದರ ಬೆನ್ನಿಗೇ ‘ಚರ್ರ್’ ಎಂದು ಇನ್ನೊಂದು ಗುಡುಗು ಕೇಳಿತು. ಕೋಟು ಕಾಲರಿನಿಂದ ಸೊಂಟದವರೆಗೆ ಎರಡು ಹೋಳಾಗಿತ್ತು.

ಹೆಂಡತಿ ಕಣ್ಣು ಮುಚ್ಚಿಕೊಂಡಳು. ಜನ ಬಿದ್ದು ಬಿದ್ದು ನಕ್ಕರು. ಟೀಚರಮ್ಮ ಕೂಡಲೇ ಪರದೆ ಎಳೆಸಿ, ಮೈಕು ಹಿಡಿದು ಮುಂದೆ ಬಂದರು.

“ಐದು ನಿಮಿಷ ವಿರಾಮ. ಈ ಹೊತ್ತಿನಲ್ಲೇ ನಮಗೆ ಕೊಡುಗೆ ತಂದಿರೋ ಒಬ್ಬ ಹಿರಿಯರನ್ನ ಕರೆಯೋಣ.”

ಪಕ್ಕದ ಮೆಟ್ಟಿಲಿನಿಂದ ಗಿಡ್ಡನೆಯ ಹಿರಿಯರೊಬ್ಬರು ಹತ್ತಿದರು. ತೋಳ ಮೇಲೆ ಕಡುನೀಲಿ ಉಣ್ಣೆ ಕೋಟು, ಎದೆಗೆ ಎರಡು ಸಾಲು ಹಿತ್ತಾಳೆ ಗುಂಡಿ.

ಗರಿಗರಿಯಣ್ಣ ಕುರ್ಚಿಯ ಕೈ ಹಿಡಿದುಕೊಂಡ.

“ಇದು ನನ್ನ ತಮ್ಮನ ಕೋಟು,” ಎಂದರು ಹಿರಿಯರು. “ಅವನಿಗೆ ನಾಟಕದ ಹುಚ್ಚು. ಎತ್ತರದ ಆಳು, ಯಾವ ಪಾತ್ರವಾದ್ರೂ ಇದೇ ಕೋಟು. ಅವನು ಹೋದ ಮೇಲೆ ಒಗೆಯೋಕೆ ಕೊಟ್ಟವನು ವಾಪಸ್ ತರೋಕೆ ಮನಸ್ಸಾಗದೆ ಊರು ಬಿಟ್ಟೆ. ಇಲ್ಲೊಂದು ನಾಟಕದ ಮನೆ ಆಗಿದೆ ಅಂತ ಕೇಳಿದಾಗ ಅನ್ನಿಸ್ತು, ಇದು ಇರಬೇಕಾದ ಜಾಗ ಅದೇ ಅಂತ. ಕೊಡ್ತೀನಿ ಅಂತ ಮಾತೂ ಕೊಟ್ಟೆ. ಆಮೇಲೆ ಭಯ ಆಯ್ತು. ಮೂರು ವರ್ಷ! ಯಾವ ಲಾಂಡ್ರಿಯವನು ಇಟ್ಕೊಂಡಿರ್ತಾನೆ? ಆದ್ರೆ ಇವತ್ತು ಬೆಳಿಗ್ಗೆ ಚೀಟಿ ಕೊಟ್ಟೆ. ಆ ಮಹಾನುಭಾವ ಒಂದು ಮಾತು ಕೇಳಲಿಲ್ಲ. ಐದು ಗಂಟೆಗೆ ಬನ್ನಿ ಅಂದ. ಐದಕ್ಕೆ ಕೊಟ್ಟ. ನೋಡಿ, ಒಂದು ಧೂಳಿನ ಕಣ ಇದೆಯಾ?”

ಅವರು ಕೋಟನ್ನು ದೀಪದ ಕೆಳಗೆ ಎತ್ತಿ ಹಿಡಿದರು. ಅದು ನಿಜಕ್ಕೂ ಹೊಸದರಂತೆ ಮಿರುಗಿತು. ಇಡೀ ಸಭೆ ಉಸಿರೆಳೆದುಕೊಂಡಿತು.

“ಅರೆ, ಲಾಂಡ್ರಿಯವರ ತಾತನ ಕೋಟೂ ಹೀಗೇ ಇತ್ತಲ್ಲ!” ಎಂದರು ಟೀಚರಮ್ಮ ಬೆರಗಾಗಿ. “ಒಬ್ಬನೇ ದರ್ಜಿ ಹೊಲಿದಿರಬೇಕು.”

ಮುಂದಿನ ಸಾಲಿನಲ್ಲಿ ಈ ಬೀದಿಯ ದರ್ಜಿ ಕಣ್ಣು ಕಿರಿದು ಮಾಡಿ ಕಾಲರನ್ನು ನೋಡಿದ. ಜರಿ ಹಚ್ಚಿದ್ದ ಸೂಜಿಯ ತೂತುಗಳು ಅಲ್ಲಿ ಸಾಲುಗಟ್ಟಿದ್ದವು. ಅವನು ಬಹಳ ಮೆಲ್ಲಗೆ ಗರಿಗರಿಯಣ್ಣನ ಕಡೆ ತಿರುಗಿದ.

“ಬಣ್ಣ ಹೋಗಲಿಲ್ಲ ಅಂದ್ರಿ?”

“ಹೋಯ್ತು,” ಎಂದ ಗರಿಗರಿಯಣ್ಣ, ಹಲ್ಲು ಬಿಗಿಹಿಡಿದು. ಎಷ್ಟಾದರೂ ಅದನ್ನು ಒಬ್ಬನಿಗಾದರೂ ಹೇಳದಿದ್ದರೆ ಅವನ ಹೊಟ್ಟೆ ಒಡೆದುಹೋಗುತ್ತಿತ್ತು.

ದರ್ಜಿ ಕೋಟನ್ನು ಮತ್ತೊಮ್ಮೆ ಕಾಲರಿನಿಂದ ಅಂಚಿನವರೆಗೆ ನೋಡಿದ. “ಭಲೇ ಕೈ ರೀ ನಿಮ್ಮದು,” ಎಂದ ಕೊನೆಗೆ. ಹತ್ತು ವರ್ಷದಲ್ಲಿ ಅವನ ಬಾಯಿಂದ ಬಂದ ಮೊದಲ ಒಳ್ಳೆಯ ಮಾತದು. ಅಷ್ಟು ಹೇಳಿ ಕರ್ಚೀಪು ಬಾಯಿಗೆ ತುರುಕಿಕೊಂಡು ನಗತೊಡಗಿದ.

“ಆ ಲಾಂಡ್ರಿಯವರು ಎಲ್ಲಿದ್ದಾರೆ? ಎದ್ದು ನಿಲ್ಲಿ ಸ್ವಾಮಿ!” ಎಂದು ಹಿರಿಯರು ಕೂಗಿದರು. “ಆ ಅಂಗಡಿಗೆ ಹೋದ ಬಟ್ಟೆ ಎಷ್ಟು ವರ್ಷ ಆದ್ರೂ ಕಳೆಯೋದಿಲ್ಲ. ಇದು ನಾನು ಕಣ್ಣಾರೆ ಕಂಡ ಸತ್ಯ.”

ಗರಿಗರಿಯಣ್ಣ ಎದ್ದು ನಿಂತ. ಗೋದಾಮಿನ ಗೋಡೆ ಅದುರುವಂತೆ ಚಪ್ಪಾಳೆ ಬಿತ್ತು. ಅಪ್ಪನ ಸಾಲನ್ನು ಊರು ತನ್ನ ಬಾಯಿಂದ ಹೇಳುತ್ತಿತ್ತು. ಮೈಮೇಲೆ ಮದುವೆಯ ಕೋಟಿಲ್ಲ ಎಂಬುದು ಅವನ ನೆನಪಿಗೇ ಬರಲಿಲ್ಲ. ಹೆಂಡತಿಯೂ ಅಳು ಒರೆಸಿಕೊಂಡು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು.

ಚಪ್ಪಾಳೆ ನಿಂತಿತು. ಗುಸುಗುಸು ಶುರುವಾಯಿತು. ಒಬ್ಬ ಪರ್ಸು ತೆಗೆದು ತಡಕಾಡಿದ. ಒಬ್ಬಾಕೆ ಕೈಚೀಲದ ತಳದವರೆಗೆ ಕೈ ಇಳಿಬಿಟ್ಟಳು. ಬೇಕರಿಯವನು ಹಿಂದಿನಿಂದ ಹೆಗಲು ತಟ್ಟಿದ.

“ಗರಿಗರಿಯಣ್ಣ, ನಂದೊಂದು ಬಿಳೀ ಪ್ಯಾಂಟು ನಿಮ್ಮಲ್ಲಿ ಬಿಟ್ಟು ನಾಲ್ಕು ವರ್ಷ ಆಯ್ತು. ಹೋಗಿರುತ್ತೆ ಅಂತ ಆಸೆ ಬಿಟ್ಟಿದ್ದೆ. ಚೀಟಿ ಮನೇಲೇ ಇದೆ, ನಾಳೆ ತರ್ತೀನಿ.”

“ನನ್ನ ಹಸಿರು ಶಾಲು!” ಎಂದಳು ಅವನ ಪಕ್ಕದ ನರ್ಸಮ್ಮ. “ನಮ್ಮ ಅಕ್ಕ ಕೊಟ್ಟಿದ್ದು. ನಾನೂ ನಾಳೆ ಬರ್ತೀನಣ್ಣ.”

ಅದರ ಹಿಂದಿನ ಸಾಲಿನಲ್ಲಿ ಯಾರೋ ಮೂರು ಚೀಟಿ ಎತ್ತಿ ಬೀಸಿದರು.

ಪರದೆ ಮತ್ತೆ ಸರಿಯಿತು. ಕಡುನೀಲಿ ಕೋಟಿನಲ್ಲಿ ರಾಜ ಮಿಂಚುತ್ತ ಬಂದ. ಅವನ ಹಿಂದೆ ಹಸಿರು ಶಾಲಿಗೆ ಜರಿ ಅಂಚು ಹಚ್ಚಿಕೊಂಡ ರಾಣಿ. ರಾಣಿಯ ಹಿಂದೆ ಬಿಳೀ ಪ್ಯಾಂಟಿನ ಸೇನಾಪತಿ, ನೆಲದ ಮೇಲೆ ಉರುಳಾಡಿ ಸಾಯಲು ಸಿದ್ಧನಾಗಿ. ಹೀಗೆ ಉಳಿದ ಇಪ್ಪತ್ತಾರೂ ಬಟ್ಟೆಗಳು ಒಂದೊಂದಾಗಿ ದೀಪದ ಬೆಳಕಿಗೆ ಬಂದವು. ದರ್ಜಿಯ ಕೈಚಳಕಕ್ಕೆ ಸಿಕ್ಕ ಬಟ್ಟೆಗಳನ್ನು ಅವುಗಳ ಒಡೆಯರೇ ಗುರುತಿಸದೆ, ಬಾಯಿ ತೆರೆದು ನೋಡುತ್ತಿದ್ದರು.

ಹೆಂಡತಿ ಕಿವಿಯ ಹತ್ತಿರ ಬಾಗಿದಳು. “ರೀ, ಎಲ್ಲರೂ ನಾಳೆ ಬರ್ತಾರಂತೆ. ಎಷ್ಟು ಹೊತ್ತಿಗೆ ಬರೋಕೆ ಹೇಳ್ಲಿ?”

ಗರಿಗರಿಯಣ್ಣ ಅಂಗಿಯ ಕಾಲರು ನೆಟ್ಟಗೆ ಮಾಡಿಕೊಂಡ.

“ಐದು ಗಂಟೆಗೆ ಬರ್ಲಿ,” ಎಂದ.